ಲೇಹ್ಯದ ಡಬ್ಬಿಯಲ್ಲಿದ್ದದ್ದು

ನನ್ನ ಶಿಷ್ಯನೊಬ್ಬ ಸಾವಿನ ಬಾಗಿಲ ತನಕ ಹೋಗಿ ಬಂದ. ಅಲ್ಲಿಗೆ ದಾರಿ ತೋರಿಸಿದವನು ನಾನು. ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ, ಬೆನ್ನಿಗೆ ಕೈಯಿಟ್ಟು ತಳ್ಳಲಿಲ್ಲ—ಅವನು ಒಂದು ಪ್ರಶ್ನೆ ಕೇಳಿದ, ನಾನು ಅದಕ್ಕೆ ಸುಳ್ಳು ಹೇಳಿದೆ. ಅಷ್ಟೆ. ಅಷ್ಟೆ ಎಂದು ಬರೆದ ಮೇಲೆ ಆ ಪದವನ್ನೇ ನೋಡುತ್ತ ಕೂತಿದ್ದೇನೆ. ಎಂಥ ಸಾಧು ಪದ. ಎಷ್ಟು ದೊಡ್ಡದನ್ನು ಬೇಕಾದರೂ ಸೆರಗಿನಲ್ಲಿ ಮುಚ್ಚಿಕೊಂಡುಬಿಡುತ್ತದೆ.

ಅವನು ಕೇಳಿದ್ದು ಗಂಡಸರು ಒಬ್ಬರನ್ನೊಬ್ಬರು ಕೇಳದ ಪ್ರಶ್ನೆ. ಅದನ್ನು ಕೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತೋ—ಅದರ ಕಾಲುಪಾಲು ಉತ್ತರ ಹೇಳುವವನಿಗೆ ಇದ್ದಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮುಂದೆ ಅವನ ಹೊಗಳಿಕೆ ಬಹಳ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ತಪ್ಪೊಪ್ಪಿಕೊಳ್ಳಲು ಕೂತವನು ಬೇರೆಯವರನ್ನು ಹೊಗಳುವುದು ಜಾರಿಕೊಳ್ಳುವ ಉಪಾಯ ಎಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ. ಅವನನ್ನು ಹೊಗಳದೆ ಇದನ್ನು ಬರೆಯುವುದು ನನಗೆ ತಿಳಿಯದು.

ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬೆಳಿಗ್ಗೆ ಸಂಜೆ ಬನ್ನಿಮಂಟಪದ ಕಡೆಯ ಒಂದು ಹಳೆಯ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದೆ. ಈಗಲೂ ಅಲ್ಲಿ ಹೋಗಿ ಕೂರುತ್ತೇನೆ, ಹುಡುಗರು ನಮಸ್ಕಾರ ಮಾಡುತ್ತಾರೆ, ನಾನು ಮೀಸೆಯ ಮೇಲೆ ಕೈಯಾಡಿಸುತ್ತೇನೆ. ಗರಡಿ ಎಂದರೆ ಹೆಚ್ಚೇನಿಲ್ಲ. ತಗ್ಗು ಬಾಗಿಲು, ಒಳಗೆ ಕುಸ್ತಿಗೆ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಮೇಲೆ ಹನುಮಂತ, ಮೂಲೆಯಲ್ಲಿ ಗದೆಗಳು. ಹೆಂಗಸರು ಹೊಸಲು ದಾಟುವಂತಿಲ್ಲ. ಏಕೆಂದು ನಾವ್ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಮಣ್ಣಿನ ಪಾವಿತ್ರ್ಯ ಎನ್ನುತ್ತಿದ್ದೆವು—ಅದೇ ಮಣ್ಣಿನಲ್ಲಿ ಬೀದಿ ಬೆಕ್ಕೊಂದು ಪ್ರತಿವರ್ಷ ಮರಿ ಹಾಕಿ ಬಾಣಂತನ ಮುಗಿಸಿಕೊಂಡು ಹೋಗುತ್ತಿದ್ದರೂ.

ಆ ಗರಡಿಯಲ್ಲಿ ಕುಸ್ತಿಯ ಪಟ್ಟುಗಳಿಗಿಂತ ಮೊದಲು ಕಲಿಸುವ ಪಾಠ ಒಂದಿತ್ತು. ನನ್ನ ಗುರುಗಳು ನನಗೆ ಕಲಿಸಿದ್ದು, ನಾನು ನೂರಾರು ಹುಡುಗರಿಗೆ ಕಲಿಸಿದ್ದು. ಗಂಡಸು ಹುಟ್ಟುವಾಗ ಒಂದು ಗಂಟು ತರುತ್ತಾನೆ, ಅದರ ಹೆಸರು ವೀರ್ಯ. ಇದ್ದಷ್ಟೇ. ಬಿಗಿಯಾಗಿ ಲಂಗೋಟಿ ಕಟ್ಟಿ ಕಾಪಾಡಿಕೊಂಡವನು ಪೈಲ್ವಾನ. ಪೋಲು ಮಾಡಿದವನಿಗೆ ಕಣ್ಣು ಗುಳಿ ಬೀಳುತ್ತದೆ, ನೆನಪು ಹೋಗುತ್ತದೆ, ಕಡೆಗೆ ಹೆಂಡತಿಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಒಂದು ಹನಿ ವೀರ್ಯ ಆಗಲು ಎಷ್ಟು ಹನಿ ರಕ್ತ ಬೇಕು ಎಂಬ ಲೆಕ್ಕವೂ ಇತ್ತು. ನನ್ನ ಸೇವಾವಧಿಯಲ್ಲಿ ಆ ಲೆಕ್ಕ ಚಿನ್ನದ ಧಾರಣೆಯ ಹಾಗೆ ಏರುತ್ತಲೇ ಹೋಯಿತು. ಹುಡುಗರು ಹೆಚ್ಚು ಹೆದರಲಿ ಎಂದು ನಾನೇ ಏರಿಸುತ್ತಿದ್ದೆ. ನಾನು ಸುಳ್ಳುಗಾರನಾಗಿ ಅದನ್ನು ಹೇಳಲಿಲ್ಲ. ನಂಬಿದ್ದೆ. ಹದಿನಾರರ ವಯಸ್ಸಿನಲ್ಲಿ ನಿದ್ದೆಯಲ್ಲಿ ಪಂಚೆ ಒದ್ದೆಯಾದ ಬೆಳಿಗ್ಗೆಗಳಲ್ಲಿ ನಾನು ಬಚ್ಚಲಲ್ಲಿ ಕೂತು ಅತ್ತಿದ್ದೇನೆ—ಇಷ್ಟು ಆಯುಸ್ಸು ಹೋಯಿತು ಎಂದು. ಆ ಹೆದರಿಕೆಯನ್ನು ಬೇರೆ ಮಕ್ಕಳ ಕೈಗೆ ದಾಟಿಸುವುದನ್ನು ಶಿಕ್ಷಣ ಎಂದುಕೊಂಡಿದ್ದೆ.

ನಂಬಿದ್ದವರೆಗಿನದು ಅಜ್ಞಾನ. ಅದಕ್ಕೆ ಕ್ಷಮೆ ಇದೆಯೋ ಇಲ್ಲವೋ, ಅದು ಈ ಬರಹದ ವಿಷಯವಲ್ಲ. ನಂಬಿಕೆ ಬಿದ್ದುಹೋದ ಮೇಲೂ...

ಅದು ಬಿದ್ದದ್ದು ಹೀಗೆ.

ಅರವತ್ತು ದಾಟಿದ ಮೇಲೆ ನನ್ನ ದೇಹ ನನ್ನ ಮಾತು ಕೇಳುವುದನ್ನು ಒಂದು ವಿಷಯದಲ್ಲಿ ನಿಲ್ಲಿಸಿತು. ಯಾವ ವಿಷಯ ಎಂದು ಬಿಡಿಸಿ ಬರೆಯುವುದೇ ಈ ಬರಹದ ಉದ್ದೇಶವಾದ್ದರಿಂದ ಬರೆಯುತ್ತೇನೆ: ಹೆಂಡತಿಯ ಪಕ್ಕದಲ್ಲಿ ನಾನು ಗಂಡಸಾಗಿ ಉಳಿಯಲಿಲ್ಲ. ನಾನು ಇದನ್ನು ಗಂಟು ಕರಗಿದ್ದೆಂದೇ ತಿಳಿದೆ. ಎಲ್ಲಿ ಯಾವಾಗ ಪೋಲಾಯಿತು ಎಂದು ಹಳೆಯದನ್ನೆಲ್ಲ ಕೆದಕಿದೆ. ಬೆಳಗಿನ ಸಾಮು ಹೆಚ್ಚು ಮಾಡಿದೆ. ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ವೈರಾಗ್ಯದ ಮುಖ ಮಾಡಿಕೊಂಡು ಮಲಗತೊಡಗಿದೆ. ನನ್ನಾಕೆ ಪಾರ್ವತಿ ಒಂದಷ್ಟು ದಿನ ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು ಹೇಳಿದಳು:

"ನಿಮ್ಮ ಹನುಮಂತ ಸಮುದ್ರ ಹಾರಿ ಲಂಕೆಗೆ ಹೋಗ್ಬಂದ. ನೀವು ಬಸ್ಸು ಹತ್ತಿ ಮಂಡ್ಯಕ್ಕಾದ್ರೂ ಹೋಗ್ಬನ್ನಿ. ಅಲ್ಲಿ ಡಾಕ್ಟ್ರಿದಾರಂತೆ, ನಿಮ್ಮ ಗುರುತು ಯಾರಿಗೂ ಇರಲ್ಲ."

ಮೈಸೂರಿನ ಡಾಕ್ಟರುಗಳಲ್ಲಿ ಅರ್ಧ ಜನ ನನ್ನ ಹತ್ತಿರ ಬೆತ್ತದ ಏಟು ತಿಂದವರು ಎಂಬುದು ಅವಳಿಗೆ ಗೊತ್ತಿತ್ತು. ಮಂಡ್ಯಕ್ಕೆ ಹೋದೆ. ಕ್ಲಿನಿಕ್ಕಿನಲ್ಲಿ ಬೇರೆ ಹೆಸರು ಕೊಟ್ಟೆ. ಡಾಕ್ಟರು ಎಳೆಯ ವಯಸ್ಸಿನವರು, ಗಂಭೀರವಾಗಿದ್ದರು. ನಾನು ಕುರ್ಚಿಯ ತುದಿಯಲ್ಲಿ ಕೂತು, ನನ್ನ ಸ್ನೇಹಿತರೊಬ್ಬರಿಗೆ ಹೀಗೆ ಹೀಗೆ ತೊಂದರೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ ಸರ್. ನಿಮ್ಮ ಸ್ನೇಹಿತರ ಬಿ.ಪಿ. ನೋಡ್ಬೇಕು. ತೋಳು ಕೊಡಿ" ಎಂದರು.

ತೋಳು ಕೊಟ್ಟೆ.

ಸ್ನೇಹಿತನಿಗೆ ಬಿ.ಪಿ. ಇತ್ತು. ಸಕ್ಕರೆ ಕಾಯಿಲೆಯೂ ಇತ್ತು, ಎಷ್ಟೋ ವರ್ಷಗಳಿಂದ ಇದ್ದಿರಬೇಕು. ನಾನು ಗಂಟಿನ ಸಿದ್ಧಾಂತವನ್ನು ಅವರ ಮುಂದೆ ಮಂಡಿಸಿದೆ. ಲಂಗೋಟಿ ಕಟ್ಟಿದ ಮನುಷ್ಯನಿಗೆ ಇದು ಹೇಗೆ ಸಾಧ್ಯ ಎಂದು ವಾದವನ್ನೇ ಮಾಡಿದೆ. ಅವರು ನಗಲಿಲ್ಲ. ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ, ನೆನಪಿಲ್ಲ ಎಂದು ಹೇಳುವ ಸೌಕರ್ಯ ನನಗಿಲ್ಲ:

"ಅದು ಉಗ್ರಾಣದಲ್ಲಿಟ್ಟ ಅಕ್ಕಿ ಅಲ್ಲ ಸರ್, ಖರ್ಚಾಗೋಕೆ. ಬಾಯಲ್ಲಿ ಎಂಜಲು ಊರೋ ಹಾಗೆ, ಊರ್ತಾನೇ ಇರುತ್ತೆ. ನಿಮ್ಮ ತೊಂದ್ರೆ ರಕ್ತನಾಳದ್ದು. ಅಲ್ಲಿರೋ ನಾಳ ಸಣ್ಣದು, ಕಟ್ಟಿಕೊಂಡ್ರೆ ಮೊದಲು ಅದು ಹೇಳುತ್ತೆ. ಆಮೇಲೆ ಹೃದಯದ ಸರದಿ ಬರ್ಬೋದು. ನಾಚ್ಕೊಂಡು ಮನೇಲಿ ಕೂತೋರು ಆ ಎಚ್ಚರಿಕೆ ಕೇಳಿಸ್ಕೊಳ್ಳಲ್ಲ. ನೀವು ಬಂದ್ರಿ, ಒಳ್ಳೇದಾಯ್ತು. ಹೃದಯ ಪರೀಕ್ಷೆ ಮಾಡಿಸಿಬಿಡೋಣ."

ಮಾಡಿಸಿದರು. ಮಾತ್ರೆಗಳನ್ನು ಕೊಟ್ಟರು, ಸಕ್ಕರೆಗೆ ಒಂದು, ಬಿ.ಪಿ.ಗೆ ಒಂದು, ರಕ್ತ ತೆಳುವಾಗಲು ಇನ್ನೊಂದು. ತಿಂಗಳುಗಳು ಕಳೆದಂತೆ ದೇಹ ಹಗುರವಾಯಿತು, ಚಾಪೆ ನಡುಮನೆಯಿಂದ ಎದ್ದಿತು. ಪಾರ್ವತಿ ಚಾಪೆಯನ್ನು ತೊಳೆದು ಬಿಸಿಲಿಗೆ ಹಾಕಿದಳು.

ಇಲ್ಲಿಗೆ ನಿಲ್ಲಿಸಿ ಊರಿಗೆಲ್ಲ ಹೇಳಬೇಕಿತ್ತು. ನನ್ನ ಪಾಠ ಕೇಳಿದವರನ್ನೆಲ್ಲ ಕರೆದು, ತಪ್ಪು ಹೇಳಿಕೊಟ್ಟಿದ್ದೆ ಕಣ್ರಯ್ಯ ಎನ್ನಬೇಕಿತ್ತು. ನಾನು ಮಾಡಿದ್ದೇನು? ಹಳೆಯ ಲೇಹ್ಯದ ಡಬ್ಬಿಯೊಂದನ್ನು ತೊಳೆದು ಒರೆಸಿ, ಮಾತ್ರೆಗಳನ್ನು ಅದರಲ್ಲಿ ಹಾಕಿ ಗರಡಿಯ ಗೂಡಿನಲ್ಲಿಟ್ಟೆ. ಬೆಳಗಿನ ಸಾಮು ಮುಗಿದ ಮೇಲೆ ಬೆನ್ನು ತಿರುಗಿಸಿ ನಿಂತು ಒಂದು ಗುಟುಕು ನೀರಿನ ಜೊತೆ ನುಂಗುತ್ತಿದ್ದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಸಿಂಹವೊಂದಿತ್ತು. ಹುಡುಗರು ಆ ಡಬ್ಬಿಯನ್ನೂ ನನ್ನ ಕೆಂಪಗಾದ ಮುಖವನ್ನೂ ಜೋಡಿಸಿ ನೋಡುತ್ತಿದ್ದರು. "ಮೇಷ್ಟ್ರು ಈ ವಯಸ್ಸಲ್ಲೂ ಎಂಗವ್ರೆ ನೋಡ್ಲಾ" ಎಂದು ಪಿಸುಗುಟ್ಟುತ್ತಿದ್ದರು. ಪಿಸುಮಾತು ನನಗೆ ಬಹಳ ಚೆನ್ನಾಗಿ ಕೇಳಿಸುತ್ತದೆ.

ಈಗ ಮಾದೇಗೌಡ.

ಇಲವಾಲದ ಕಡೆಯ ಒಕ್ಕಲು ಮನೆಯವನು. ಹೈಸ್ಕೂಲಿಗೆ ನಮ್ಮ ಶಾಲೆಗೆ ಸೇರಿದ, ಗರಡಿಗೂ ಬಂದ. ನನ್ನ ಕೈಯಲ್ಲಿ ತಯಾರಾದವರಲ್ಲಿ ಅವನಷ್ಟು ನೇರವಾಗಿ ಕುಸ್ತಿ ಆಡಿದವನು ಇನ್ನೊಬ್ಬನಿಲ್ಲ. ಎದುರಾಳಿಯ ಕಾಲು ಉಳುಕಿದ್ದು ಕಂಡರೆ ಆ ಕಾಲಿಗೆ ಕೈ ಹಾಕುತ್ತಿರಲಿಲ್ಲ. ಸೋಲುತ್ತಿದ್ದ, ಆದರೂ ಹಾಕುತ್ತಿರಲಿಲ್ಲ. ನಾನು ಅದಕ್ಕೆ ಬೈಯುತ್ತಿದ್ದೆ. ಈಗ ಅವನಿಗೆ ಐವತ್ತು ದಾಟಿದೆ. ಬನ್ನಿಮಂಟಪದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಗೋಡೌನು ಇಟ್ಟುಕೊಂಡಿದ್ದಾನೆ. ಮದುವೆಯ ಮನೆಯಲ್ಲಿ ಗಾಳಿ ಬಂದು ಪೆಂಡಾಲು ಅಲುಗಾಡಿದರೆ ಮಾಲೀಕನಾದ ತಾನೇ ಹಗ್ಗ ಹಿಡಿದು ನಿಲ್ಲುವ ಜಾತಿಯವನು. ಅವನ ಹೆಂಡತಿ ಜಯಮ್ಮ ಗೋಡೌನಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಾಳೆ. ಅವನು ಉದಾರಿ, ಅವಳು ಉಷಾರು. ಹಾಗಾಗಿ ಗೋಡೌನು ನಡೆಯುತ್ತಿದೆ.

ನಾನು ಮಂಡ್ಯಕ್ಕೆ ಹೋಗತೊಡಗಿ ಎರಡು ವರ್ಷವಾಗಿರಬಹುದು. ಒಂದು ಮಧ್ಯಾಹ್ನ, ಗರಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದ. ಮಟ್ಟಿಯ ಅಂಚಿನಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ಹಿಸುಕುತ್ತ, ಹಿಸುಕುತ್ತ... ಕಡೆಗೆ ಹೇಳಿದ.

"ಮೇಷ್ಟ್ರೇ, ಆಗ್ತಾ ಇಲ್ಲ."

"ಏನಾಗ್ತಾ ಇಲ್ವೋ?"

"ಅದೇ. ಜಯಾ ಜೊತೆ. ಐದಾರು ತಿಂಗಳಾಯ್ತು. ನೀವು ಸ್ಕೂಲಲ್ಲಿ ಯೋಳಿದ್ರಲ್ಲ, ಗಂಟು ಅಂತ. ನಾನು ಚಿಕ್ಕಂದಿನಲ್ಲಿ ಒಸಿ ತಪ್ಪು ಮಾಡಿದ್ದೆ. ಅದೇ ಈಗ ಒಡೀತಾ ಅದೆ."

ಎಲ್ಲ ಹುಡುಗರೂ ಮಾಡುವ ತಪ್ಪದು. ಅದಕ್ಕೆ ಮೂವತ್ತೈದು ವರ್ಷ ಅವನು ಶಿಕ್ಷೆಗಾಗಿ ಕಾದಿದ್ದ. ನನ್ನ ಪಾಠ ಕೇಳಿ! ನನ್ನ ನಾಲಗೆಯ ತುದಿಯಲ್ಲಿ ಮಂಡ್ಯದ ಡಾಕ್ಟರ ಮಾತು ಬಂದು ನಿಂತಿತ್ತು—ಸಣ್ಣ ನಾಳ ಮೊದಲು ಹೇಳುತ್ತದೆ, ಆಮೇಲೆ... ಅಷ್ಟರಲ್ಲಿ ಅವನು ತಲೆಯೆತ್ತಿ ಕೇಳಿದ. ನಾನು ಮೇಲೆ ಹೇಳಿದ ಪ್ರಶ್ನೆ ಇದು.

"ನಿಮ್ಗೆ ಯಾವತ್ತಾದ್ರೂ ಇಂಗಾಗಿತ್ತಾ ಮೇಷ್ಟ್ರೇ?"

ಅವನ ಕಣ್ಣಿನಲ್ಲಿ ಬೇಡಿಕೆ ಇತ್ತು. ಹೂಂ ಎಂದುಬಿಡಿ, ಆಗ ನಾನು ಒಬ್ಬನೇ ಅಲ್ಲ ಎಂದಾಗುತ್ತದೆ—ಅಷ್ಟೇ ಅವನು ಬೇಡಿದ್ದು. ನಾನು ನಕ್ಕೆ.

"ನನಗೇನೋ? ಲಂಗೋಟಿ ಕಟ್ಟಿದ ಮೈ ಕಣೋ ಇದು!"

ಹೇಳಿಬಿಟ್ಟೆ. ಹನುಮಂತನ ಪಟದ ಕೆಳಗೆ ನಿಂತು ಹೇಳಿದೆ. ಡಬ್ಬಿ ಗೂಡಿನಲ್ಲೇ ಇತ್ತು, ಅವನು ಅದನ್ನೇ ನೋಡಿದ.

"ಅದ್ರಲ್ಲಿರೋದ ನಂಗೂ ಒಸಿ ಕೊಡಿ ಮೇಷ್ಟ್ರೇ."

"ಅದು ಮುಗಿಯೋಕೆ ಬಂದಿದೆ. ಅಂಗಡೀಲಿ ಸಿಗುತ್ತೆ, ತಗೊಂಡು ಹಾಲಲ್ಲಿ ಕದಡಿ ಕುಡಿ. ತುಪ್ಪ, ಬಾದಾಮಿ. ಒಂದು ಮಂಡಲ, ನಲವತ್ತೆಂಟು ದಿನ, ಬ್ರಹ್ಮಚರ್ಯ. ಹೆಂಡತಿಯಿಂದ ದೂರ ಮಲಗು. ದಂಡೆ, ಬಸ್ಕಿ ಜಾಸ್ತಿ ಮಾಡು. ಗಂಟು ತಾನಾಗಿ ತುಂಬುತ್ತೆ."

ಸಕ್ಕರೆ ಕಾಯಿಲೆ ಇರಬಹುದಾದ ಮನುಷ್ಯನಿಗೆ ಬೆಲ್ಲದ ಪಾಕದ ಲೇಹ್ಯ. ನಾಳ ಕಟ್ಟಿಕೊಂಡಿರಬಹುದಾದ ಎದೆಗೆ ತುಪ್ಪ ಮತ್ತು ಬಸ್ಕಿ. ನನಗೆ ಗೊತ್ತಿತ್ತು. ಇದನ್ನು ಇನ್ನೊಮ್ಮೆ ಬರೆಯುತ್ತೇನೆ, ಓದುವವರು ಅವಸರದಲ್ಲಿ ದಾಟಿಹೋಗಬಾರದು: ನನಗೆ ಗೊತ್ತಿತ್ತು. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ವ್ರತವನ್ನು ಅವನು ಕುಸ್ತಿ ಆಡಿದ ಹಾಗೇ ಮಾಡಿದ, ಪ್ರಾಮಾಣಿಕವಾಗಿ. ಮಂಡಲ ಮುಗಿದ ಮೇಲೂ ಗುಣ ಕಾಣದೆ ಇನ್ನೊಂದು ಮಂಡಲಕ್ಕೆ ತಾನೇ ಏರಿಸಿದ. ಅಷ್ಟರಲ್ಲಿ ಒಂದು ಸಂಜೆ ಜಯಮ್ಮ ಬಂದಳು. ಹೊಸಲಿನ ಹೊರಗೇ ನಿಂತು, ಸೆರಗು ಹೊದ್ದು, ಕತ್ತಲು ಕತ್ತಲಾಗಿ ಕಾಣುವ ಒಳಗಿನ ಕಡೆ ನೋಡುತ್ತ ಕೂಗಿದಳು.

"ಮೇಷ್ಟ್ರೇ, ಒಸಿ ಬನ್ನಿ ಈಚೆಗೆ."

ನಾನು ಒಳಗೇ ನಿಂತು ಏನಮ್ಮ ಎಂದೆ.

"ನಮ್ ಯಜಮಾನ್ರು ಮೆಟ್ಲು ಅತ್ತಿದ್ರೆ ಏದುಸಿರು ಬುಡ್ತಾರೆ. ಎಡಗೈ ಜುಮ್ಮುಗುಟ್ಟುತ್ತೆ ಅಂತಾರೆ. ಆಸ್ಪತ್ರೆಗೆ ನಡೀರಿ ಅಂದ್ರೆ ವ್ರತ ಅಂತಾರೆ. ನಾನು ಯೋಳಿದ್ರೆ ಕೇಳಲ್ಲ, ನೀವು ಒಂದ್ ಮಾತು ಅನ್ನಿ. ನೀವು ಅಂದ್ರೆ ಬಾವಿಗೂ ಬೀಳ್ತಾರೆ."

ಅವಳು ಮಾಮೂಲಿ ಮಾತಿಗೆ ಹೇಳಿದ್ದು. ಅವನು ಆಗಲೇ ಬಾವಿಗೆ ಅರ್ಧ ಇಳಿದಿದ್ದ.

"ಮೈ ಹದಕ್ಕೆ ಬರೋವಾಗ ಹಾಗೇ ಆಗುತ್ತೆ ಕಣಮ್ಮ. ನೀನು ಗಾಬರಿಯಾಗಿ ಅವನ ಮನಸ್ಸು ಕೆಡಿಸ್ಬೇಡ."

ಅವಳು ಇನ್ನೂ ಏನೋ ಕೇಳುವವಳಿದ್ದಳು. ಹೊಸಲು ನೋಡಿದಳು, ನನ್ನನ್ನು ನೋಡಿದಳು, ಹೋದಳು. ಆ ಹೊಸಲು ಇಲ್ಲದಿದ್ದರೆ ಅವಳು ಒಳಗೆ ಬಂದು ನನ್ನ ಮುಖವನ್ನು ಹತ್ತಿರದಿಂದ ನೋಡುತ್ತಿದ್ದಳು, ನನ್ನ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಇಷ್ಟು ವರ್ಷ ಅದು ಯಾವುದನ್ನು ಕಾಪಾಡುತ್ತಿತ್ತು ಎಂಬುದೂ—ಇರಲಿ.

ರಾಮಕೃಷ್ಣನಗರದಲ್ಲಿ ಒಂದು ಮದುವೆ ಮನೆಗೆ ಪೆಂಡಾಲು ಹಾಕಿಸುವಾಗ ಅವನು ಏಣಿಯಿಂದ ಇಳಿದು, ಎದೆಯನ್ನು ಒತ್ತಿಕೊಂಡು, ತಾನೇ ತಂದ ಕುರ್ಚಿಯೊಂದರ ಮೇಲೆ ಕೂತ. ಕೆಲಸದವರು ಯಜಮಾನರು ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡರು. ಬುತ್ತಿ ತಂದಿದ್ದ ಜಯಮ್ಮ ಹಣೆಯ ಬೆವರು ನೋಡಿದಳು. ಯಾರನ್ನೂ ಕೇಳಲಿಲ್ಲ, ವ್ರತವನ್ನೂ ಕೇಳಲಿಲ್ಲ, ಮೇಷ್ಟ್ರನ್ನಂತೂ ಕೇಳಲಿಲ್ಲ. ಆಟೋ ನಿಲ್ಲಿಸಿ, ಗಂಡನನ್ನು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಹೇಳಿದರಂತೆ. ಮಾತು ಪೂರ್ತಿ ಮಾಡಲಿಲ್ಲವಂತೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಸಕ್ಕರೆಯೂ ಏರಿತ್ತು.

ಮಾರನೆಯ ದಿನ ನೋಡಲು ಹೋದೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದೆ, ಗೌರವಾನ್ವಿತ ಹಿರಿಯರು ಒಯ್ಯುವ ಹಾಗೆ. ಅವನು ನನ್ನ ಕೈ ಹಿಡಿದು, ಜಯಮ್ಮ ಆಚೆ ಹೋಗುವುದನ್ನೇ ಕಾದು, ಮೆಲ್ಲಗೆ ಹೇಳಿದ:

"ತಪ್ಪಾಯ್ತು ಮೇಷ್ಟ್ರೇ. ವ್ರತ ಕೆಡಿಸ್ಬುಟ್ಟೆ. ಒಂದಿನ ಬೋ ಭಯ ಆಗಿ ಅವಳ ಪಕ್ಕದಲ್ಲಿ ಮಲಗ್ಬುಟ್ಟೆ. ಬರೀ ಮಲಗಿದ್ದು, ಅಷ್ಟೇಯ. ಅದಕ್ಕೇ ಇಂಗಾಯ್ತೇನೋ."

ಭಯವಾದ ಮನುಷ್ಯ ಹೆಂಡತಿಯ ಪಕ್ಕದಲ್ಲಿ ಮಲಗಿದ್ದ. ಅದಕ್ಕೆ ನನ್ನ ಕ್ಷಮೆ ಕೇಳುತ್ತಿದ್ದ. ನಾನು ಏನು ಹೇಳಿದೆ ಗೊತ್ತೇ? "ಆಗ್ಲಿ ಬಿಡು, ವಿಶ್ರಾಂತಿ ತಗೋ" ಎಂದೆ. ಕ್ಷಮಿಸಿದೆ! ಕಿತ್ತಳೆ ಹಣ್ಣನ್ನು ಸ್ಟೂಲಿನ ಮೇಲಿಟ್ಟು ಬಂದೆ.

ಇಲ್ಲಿಂದ ಮುಂದೆ ಅವನು ಮಾಡಿದ್ದನ್ನು ನಾನು ಬೇರೆ ಯಾವ ಗಂಡಸೂ ಮಾಡಿದ್ದು ನೋಡಿಲ್ಲ.

ಆಸ್ಪತ್ರೆಯಲ್ಲಿ ಅವನು ಡಾಕ್ಟರಿಗೆ ತನ್ನ ತೊಂದರೆಯನ್ನೆಲ್ಲ ಹೇಳಿಕೊಂಡ—ಜಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಪೆಂಡಾಲಿನ ಧ್ವನಿಯಲ್ಲಿ, ಇಡೀ ವಾರ್ಡಿಗೆ ಕೇಳುವ ಹಾಗೆ. ಮಂಡ್ಯದವರು ನನಗೆ ಹೇಳಿದ್ದನ್ನೇ ಅವರು ಅವನಿಗೆ ಹೇಳಿದರು. ನಾನು ಆ ಮಾತನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಅವನು ಎದ್ದು ಓಡಾಡುವಂತಾದ ಮೊದಲ ಶನಿವಾರವೇ ಗರಡಿಗೆ ಬಂದ. ಪೂಜೆ ಮುಗಿದು, ಪೈಲ್ವಾನರೆಲ್ಲ ತೆಂಗಿನಕಾಯಿ ಚೂರು ತಿನ್ನುತ್ತ ನಿಂತಿದ್ದಾಗ ಮಟ್ಟಿಯ ನಡುವೆ ನಿಂತು ಶುರು ಮಾಡಿದ.

"ನೋಡ್ರಪ್ಪ, ನಂಗೆ ಎದೆಗೆ ಬರೋಕ್ ಮುಂಚೆ ಕೆಳಗೆ ಬಂದಿತ್ತು. ನಾಚ್ಕಂಡು ಬಾಯಿ ಮುಚ್ಕಂಡಿದ್ದೆ. ನಿಮ್ಗೂ ಯಾರಿಗಾದ್ರೂ ಇಂಗಾದ್ರೆ ಲೇಹ್ಯ ನೆಕ್ಕಂಡು ಕೂರ್ಬ್ಯಾಡಿ, ಡಾಕ್ಟ್ರತ್ರ ಓಗಿ."

ಒಬ್ಬ ಕಿಸಕ್ಕೆಂದ. ಇನ್ನೊಬ್ಬ, "ಅಣ್ಣೋ, ಹನುಮಂತನ ಮುಂದೆ ಇದೆಲ್ಲ ಮಾತಾಡ್ಬೋದಾ? ಕೇಳಿಸ್ಕೊತಾನೆ!" ಎಂದ.

"ಕೇಳಿಸ್ಕಳ್ಳಿ ಬುಡ್ಲಾ. ಅವನಿಗೂ ವಯಸ್ಸಾಯ್ತು."

ನಗೆ ಎದ್ದಿತು. ಆ ನಗೆಯ ಒಳಗೇ ಕೆಲವರು ಸುಮ್ಮನಾದದ್ದು ನನಗೆ ಕಂಡಿತು. ಸುಮ್ಮನಾದವರು ಯಾರೆಂದೂ ಕಂಡಿತು. ಆಮೇಲೆ ಅವನು ನನ್ನ ಕಡೆ ಕೈ ಮಾಡಿದ. "ನಮ್ಮ ಮೇಷ್ಟ್ರಂಗೆ ಕಟ್ಟುನಿಟ್ಟಾಗಿ ಬದುಕಿದೋರ್ಗೆ ಇದೆಲ್ಲ ಬ್ಯಾಡ. ನಂಗೆ ಅವರಂಗೆ ಇರೋ ಯೋಗ್ತೆ ಇರ್ಲಿಲ್ಲ." ಎಲ್ಲರೂ ತಿರುಗಿ ನನ್ನನ್ನು ಭಕ್ತಿಯಿಂದ ನೋಡಿದರು. ನಾನು ಶಲ್ಯ ಸರಿಮಾಡಿಕೊಂಡೆ.

ನಾಲ್ಕು ವರ್ಷ ಹೀಗೆ ನಡೆಯಿತು. ಅವನ ಗೋಡೌನಿಗೆ ಗಂಡಸರು ಬರತೊಡಗಿದರು. ನೇರವಾಗಿ ಯಾರು ಬರುತ್ತಾರೆ? ಕುರ್ಚಿ ಬಾಡಿಗೆ ಕೇಳುವ ನೆಪದಲ್ಲಿ ಬರುತ್ತಾರೆ. "ಗೌಡ್ರೇ, ಐವತ್ತು ಕುರ್ಚಿ ಬೇಕಿತ್ತು." ಯಾವಾಗ ಎಂದರೆ ಹೇಳಲಾರರು, ಯಾವ ಸಮಾರಂಭ ಎಂದರೆ ತಡವರಿಸುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿಲ್ಲ, ಮುಂಜಿ ಇಲ್ಲ, ತಿಥಿಯೂ ಇಲ್ಲ. ಆಗ ಮಾದೇಗೌಡ ಷಟರನ್ನು ಅರ್ಧ ಇಳಿಸಿ, ಎರಡು ಕುರ್ಚಿ ಬಿಡಿಸಿ ಹಾಕಿ, "ಕೂತ್ಕಳಿ" ಎನ್ನುತ್ತಾನೆ. ಮೊದಲು ತನ್ನದನ್ನು ಹೇಳುತ್ತಾನೆ, ಆಮೇಲೆ ಅವರದನ್ನು ಕೇಳುತ್ತಾನೆ. ಮದ್ದು ಹೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗಲು ಹೆದರಿದವರ ಜೊತೆ ತಾನೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ. ಹೆಂಡತಿಯರು ಜಯಮ್ಮನ ಹತ್ತಿರ ಬರುತ್ತಾರೆ. ಗಂಡ ತನ್ನಿಂದ ದೂರವಾದದ್ದು ತನ್ನ ತಪ್ಪಿನಿಂದ ಎಂದುಕೊಂಡು ವರ್ಷಗಟ್ಟಲೆ ನವೆದವರು ಎಷ್ಟು ಜನರಿದ್ದರೋ, ಅವಳಿಗೇ ಗೊತ್ತು. ನಾನು ಜೀವಮಾನವಿಡೀ ಕಟ್ಟಿದ ಹೆದರಿಕೆಯನ್ನು ಈ ಗಂಡಹೆಂಡಿರು ಬಾಡಿಗೆ ಕುರ್ಚಿಗಳ ನಡುವೆ ಕೂತು ಒಂದೊಂದೇ ಗಂಟಾಗಿ ಬಿಚ್ಚುತ್ತಿದ್ದರು. ಒಂದು ಗಂಟು ಮಾತ್ರ ಅವರಿಗೆ ಕಾಣಲಿಲ್ಲ. ಅದು ನಾನು.

ಮೊನ್ನೆ ಒಬ್ಬರು ಮನೆಗೆ ಬಂದರು. ಬ್ಯಾಂಕಿನಲ್ಲಿದ್ದವರು, ನನಗಿಂತ ಹತ್ತು ವರ್ಷ ಚಿಕ್ಕವರು, ಬಾಗಿಲಲ್ಲೇ ಏದುಸಿರು ಬಿಡುತ್ತಿದ್ದರು. ಮಾದೇಗೌಡ ಡಾಕ್ಟರ ಹತ್ತಿರ ಹೋಗಿ ಎಂದನಂತೆ. "ಅವರಿಗೆ ಸಂಯಮ ಸಾಲದೆ ಹಾಗಾಯ್ತು, ಅವರೇ ಹೇಳ್ತಾರೆ. ನಾನು ಮೊದಲು ನಿಮ್ಮ ದಾರಿ ನೋಡ್ತೀನಿ ಮೇಷ್ಟ್ರೇ. ಯಾವ ಲೇಹ್ಯ ಅದು?"

ಅಡಿಗೆಮನೆಯಲ್ಲಿ ಪಾತ್ರೆಯೊಂದು ದಢಾರನೆ ಕೆಳಗೆ ಕೂತಿತು. ಪಾರ್ವತಿಯ ಧ್ವನಿ ಬಂತು: "ಹೇಳಿ. ಯಾವ ಲೇಹ್ಯ ಅಂತ ಹೇಳಿ."

ನಾನು ಹೇಳಿದೆ. ಲೇಹ್ಯವಲ್ಲ, ಮಾತ್ರೆ; ನಾನೂ ಡಾಕ್ಟರ ಹತ್ತಿರವೇ ಹೋಗುವವನು, ನೀವೂ ಇವತ್ತೇ ಹೋಗಿ ಎಂದೆ. ಮೊದಲ ಬಾರಿಗೆ ನನ್ನ ಬಾಯಿಂದ ನಿಜ ಹೊರಬಿತ್ತು. ಅವರು ಕೈ ಮುಗಿದು, "ನಿಮ್ಮ ವಿನಯ ದೊಡ್ಡದು" ಎಂದರು. ಲೇಹ್ಯದ ಹೆಸರು ಹೇಳಲು ನನಗೆ ಮನಸ್ಸಿಲ್ಲ ಎಂದುಕೊಂಡು ಹೊರಟರು. ನಾನು ಹಿಂದೆಯೇ ಹೋಗಿ, ತೋಳು ಹಿಡಿದು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದೆ. ಸಮಯಕ್ಕೆ ಕರೆತಂದಿರಿ ಎಂದರು ಅಲ್ಲಿನವರು. ಆ ಮಾತು ನನಗೆ ಸಲ್ಲತಕ್ಕದ್ದಲ್ಲ. ಅವರೊಬ್ಬರು ನನ್ನ ಮನೆಗೆ ಬಂದರು. ಬಾರದೆ, ಅಂಗಡಿಗೆ ಹೋಗಿ ತಾವೇ ಲೇಹ್ಯ ಕೊಂಡವರು ಎಷ್ಟು ಜನ?

ಡಬ್ಬಿ ತೆಗೆದುಕೊಂಡು ಗೋಡೌನಿಗೆ ಹೋದೆ. ಮಾದೇಗೌಡ ಪೆಂಡಾಲಿನ ಬಟ್ಟೆ ಮಡಿಸುತ್ತಿದ್ದ. ದಾರಿಯುದ್ದಕ್ಕೂ ನಾನು ಹೊಂದಿಸಿಕೊಂಡು ಹೋಗಿದ್ದ ಮಾತುಗಳು ಒಂದೂ ಬರಲಿಲ್ಲ. ಬಂದದ್ದು ಇದು:

"ಮಾದ, ನನಗೆ ಐವತ್ತು ಕುರ್ಚಿ ಬೇಕಿತ್ತು."

"ಯಾವ ಸಮಾರಂಭ ಮೇಷ್ಟ್ರೇ?" ಎಂದವನು ಅಲ್ಲಿಗೇ ನಿಂತ. ನನ್ನ ಮುಖ ನೋಡಿದ. ಹೋಗಿ ಷಟರು ಅರ್ಧ ಇಳಿಸಿ ಬಂದು ಎರಡು ಕುರ್ಚಿ ಹಾಕಿದ. "ಕೂತ್ಕಳಿ."

ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದೆ. ಮಾತ್ರೆಗಳ ಪಟ್ಟಿಗಳನ್ನು ಎತ್ತಿ ನೋಡಿದ. ಗುರುತು ಹತ್ತದೆ ಇರುತ್ತದೆಯೇ—ಅವನೂ ದಿನಾ ನುಂಗುವವೇ.

"ಯಾವತ್ತಿಂದ?"

"ನೀನು ಬಂದು ಕೇಳಿದೆಯಲ್ಲ. ಅದಕ್ಕೂ ಮೊದಲಿಂದ."

ಅವನು ಸಿಂಹದ ಚಿತ್ರವನ್ನು ನೋಡುತ್ತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಜಯಾ ಬಂದು ಗರಡಿ ಬಾಗ್ಲಲ್ಲಿ ನಿಂತಿದ್ಲಲ್ಲ. ಆಗ್ಲೂವೆ ಗೊತ್ತಿತ್ತಾ?"

"ಗೊತ್ತಿತ್ತು."

"ಆಸ್ಪತ್ರೇಲಿ ನಾನು ನಿಮ್ಮ ಕೈ ಇಡ್ಕಂಡು ತಪ್ಪಾಯ್ತು ಅಂದ್ನಲ್ಲ..." ಅವನು ಡಬ್ಬಿ ಮುಚ್ಚಿ ನನ್ನ ತೊಡೆಯ ಮೇಲಿಟ್ಟ. ಉಳುಕಿದ ಕಾಲಿಗೆ ಅವನು ಯಾವತ್ತೂ ಕೈ ಹಾಕಿದವನಲ್ಲ. ಎದ್ದು, ಮಡಿಸುತ್ತಿದ್ದ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು, ನನ್ನ ಕಡೆ ತಿರುಗದೆ ಹೇಳಿದ:

"ನನ್ನದು ಇರ್ಲಿ. ಅವಳಿಗೆ ನೀವೇ ಯೋಳ್ಬೇಕು. ಎಲ್ಲಾರ ಮುಂದೆ ಯೋಳ್ಬೇಕು. ಅವಳ ಮಾತ್ನ ನೀವು ಒಳಗೆ ನಿಂತ್ಕಂಡು ತಳ್ಳಿದ್ರಿ, ಈ ಸಲ ಈಚೆಗೆ ಬಂದು ಯೋಳಿ."

ಅದಕ್ಕೇ ಇದನ್ನು ಬರೆದದ್ದು. ಬಾಯಿಮಾತಿನಲ್ಲಿ ಹೇಳಹೊರಟರೆ ನನ್ನ ನಾಲಗೆ ಎಲ್ಲಾದರೂ ಮೀಸೆ ತಿರುವೀತು ಎಂಬ ಭಯ. ಬರೆದದ್ದನ್ನು ಓದುತ್ತೇನೆ.

ಇವತ್ತು ಶನಿವಾರ. ಕುರ್ಚಿಗಳು ಬಂದಿವೆ. ಮಾದೇಗೌಡ ಗಾಡಿಯ ಜೊತೆ ಬಂದು ಗರಡಿಯ ಹೊರಗೆ, ಬೀದಿಯಲ್ಲಿ ಸಾಲಾಗಿ ಹಾಕಿಸಿದ. ನನ್ನ ಜೊತೆ ಮಾತಾಡಲಿಲ್ಲ. ಹಳೆಯ ಪೈಲ್ವಾನರು, ಶಾಲೆಯ ಹುಡುಗರಾಗಿದ್ದ ನರೆತಲೆಗಳು ಬಂದು ಕೂರತೊಡಗಿದ್ದಾರೆ, ಏನು ಸಮಾರಂಭ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ಪಾರ್ವತಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಮಾದೇಗೌಡ ಹೆಗಲ ಟವೆಲಿನಿಂದ ಒರೆಸಿ ಖಾಲಿ ಬಿಟ್ಟಿದ್ದಾನೆ. ಅದು ಜಯಮ್ಮನದು. ಅವಳು ಬಂದ ಮೇಲೆ ಓದಲು ಶುರು ಮಾಡುತ್ತೇನೆ. ಬರದಿದ್ದರೆ, ಇದೇ ಡಬ್ಬಿ ಹಿಡಿದುಕೊಂಡು ಅವಳ ಮನೆಗೆ ಹೋಗಿ, ಹೊಸಲಿನ ಹೊರಗೆ ನಿಂತು ಕೂಗುತ್ತೇನೆ.